ಮಗುಚಿದ ಪಿಕ್‌ಗಾರ್ಡ್

ಉಲ್ಟಾ ಬರೆದ ಅಕ್ಷರ ಓದುವುದಕ್ಕೆ ಸೀಲಣ್ಣನಿಗೆ ಕನ್ನಡಿ ಬೇಕಿರಲಿಲ್ಲ. ನಲವತ್ತೆರಡು ವರ್ಷ ರಬ್ಬರ್ ಸ್ಟ್ಯಾಂಪ್ ಕೆತ್ತಿದ ಕಣ್ಣು ಅದು. ನೆಟ್ಟಗಿರುವ ಅಕ್ಷರ ಕಂಡಾಗಲೇ ಒಂದು ಗಳಿಗೆ ತಬ್ಬಿಬ್ಬಾಗಿ ಆಮೇಲೆ ಸುಧಾರಿಸಿಕೊಳ್ಳುತ್ತಿತ್ತು. ಊರಿನ ಅರ್ಧ ಬಾಗಿಲುಗಳಿಗೆ ಹೆಸರಿನ ಫಲಕ ಮಾಡಿಕೊಟ್ಟ ಈ ಮಹಾನುಭಾವ ತನ್ನ ಅಂಗಡಿಗೆ ಒಂದು ಮಾಡಿಕೊಳ್ಳಲು ಮಾತ್ರ ಪುರುಸೊತ್ತು ಮಾಡಿಕೊಂಡಿರಲಿಲ್ಲ. ಹಾಗಾಗಿ ಬೀದಿಯವರಿಗೆಲ್ಲ ಅವನು ಬರೀ ಸೀಲಣ್ಣ. ಅಂಗಡಿ ಎಂದರೂ ಮನೆಯ ಮುಂದಿನ ಕೋಣೆಯೇ: ಬೀದಿಗೆ ತೆರೆದ ಒಂದು ಕಿಟಕಿ, ಅದರ ಕೆಳಗೆ ಮೈತುಂಬ ಗೀರು ಬಿದ್ದ ಮೇಜು, ಮೇಜಿನ ಮೇಲೆ ಭೂತಗನ್ನಡಿ, ಬ್ಲೇಡುಗಳು, ಇಂಕ್ ಪ್ಯಾಡು, ಗೋಡೆಗೆ ಒರಗಿಸಿದ ಬಣ್ಣಬಣ್ಣದ ಪ್ಲಾಸ್ಟಿಕ್ ಶೀಟುಗಳು.

ಸ್ಟ್ಯಾಂಪಿನ ಕೆಲಸದ ಗುಟ್ಟೆಲ್ಲ ಮಗುಚುವುದರಲ್ಲಿದೆ. ತೆಳು ಕಾಗದದ ಮೇಲೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ ನೆಟ್ಟಗೆ ಬರೆಯಬೇಕು. ಕಾಗದವನ್ನು ಮಗುಚಿ ರಬ್ಬರಿನ ಮೇಲೆ ಹಾಸಬೇಕು, ಬೆನ್ನಿನ ಮೇಲೆ ಉಗುರಿನಿಂದ ಉಜ್ಜಬೇಕು. ಪೆನ್ಸಿಲ್ಲಿನ ಕಪ್ಪು ಉಲ್ಟಾ ಆಗಿ ರಬ್ಬರಿಗೆ ಇಳಿಯುತ್ತದೆ. ಹಾಗೆ ಇಳಿದದ್ದನ್ನು ಕೆತ್ತಿದರೆ, ಒತ್ತಿದಾಗ ಅಕ್ಷರ ನೆಟ್ಟಗೆ ಬೀಳುತ್ತದೆ. ಸೀಲಣ್ಣನ ಕೈಗೆ ಇದು ಎಷ್ಟು ರೂಢಿಯಾಗಿತ್ತೆಂದರೆ, ಅಂಗಡಿ ಸಾಮಾನಿನ ಪಟ್ಟಿ ಬರೆದರೂ ಮುಗಿದ ಮೇಲೆ ಒಮ್ಮೆ ಮಗುಚಿ ಉಜ್ಜಿಬಿಡುತ್ತಿದ್ದ.

ಇಷ್ಟು ವರ್ಷದಲ್ಲಿ ಅವನು ಮಗುಚಲು ಮರೆತದ್ದು ಒಂದೇ ಒಂದು ಸಲ. ಅವತ್ತು ಕಿಟಕಿಯಾಚೆ ನಿಂತಿದ್ದವಳು ಬಸ್ ನಿಲ್ದಾಣದ ಟಿಕೆಟ್ ಕೌಂಟರಿನ ಹುಡುಗಿ. ಶನಿವಾರ ಸಂಜೆ ಐದು ಜನರ ಒಂದು ಬ್ಯಾಂಡಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದಳು. ಬ್ಯಾಂಡಿನ ಹೆಸರಿನದೊಂದು ಸ್ಟ್ಯಾಂಪ್ ಬೇಕು ಅಂದಳು, ಆಗುವವರೆಗೆ ಅಲ್ಲೇ ನಿಂತಳು. ಇವನು ಅವಳನ್ನು ನೋಡುತ್ತ ಕೆತ್ತಿದ. ಒತ್ತಿ ತೋರಿಸಿದರೆ ಹೆಸರು ಕಾಗದದ ಮೇಲೆ ಬೆನ್ನು ತಿರುಗಿಸಿಕೊಂಡು ಬಿದ್ದಿತ್ತು.

“ಇದನ್ನ ಓದೋಕೆ ಜನ ಮನೆಯಿಂದ ಕನ್ನಡಿ ತರಬೇಕಾ?” ಅಂದಳು ಅವಳು.

ಮುಂದಿನ ವರ್ಷ ಮದುವೆಯಾದರು. ಆ ಕೆಟ್ಟ ಸ್ಟ್ಯಾಂಪ್ ಇನ್ನೂ ಮೇಜಿನ ಖಾನೆಯಲ್ಲಿದೆ. ಅವಳು ಬೀದಿಗೆ ಗಿಟಾರಕ್ಕ ಆದಳು. ಬ್ಯಾಂಡಿನವರು ಒಬ್ಬೊಬ್ಬರಾಗಿ ಕೆಲಸ, ಸಂಸಾರ ಎಂದು ಕರಗಿಹೋದರೂ ಅವಳು ಮಾತ್ರ ದಿನಕ್ಕೊಂದು ಗಂಟೆ ನುಡಿಸುವುದನ್ನು ಬಿಡಲಿಲ್ಲ. ಒಳಗಿನಿಂದ ಗಿಟಾರು, ಹೊರಗಿನಿಂದ ಬೀದಿಯ ಸದ್ದು, ನಡುವೆ ಕೂತು ಸೀಲಣ್ಣ ಕೆತ್ತುತ್ತಿದ್ದ. ಅವನಿಗೆ ಸಂಗೀತ ತಿಳಿಯುತ್ತಿರಲಿಲ್ಲ. ಅವಳು ನುಡಿಸುತ್ತಿದ್ದಾಳೆ ಎಂಬುದಷ್ಟು ತಿಳಿಯುತ್ತಿತ್ತು, ಅವನಿಗೆ ಅಷ್ಟೇ ಸಾಕಾಗಿತ್ತು.

ಆರು ತಿಂಗಳ ಹಿಂದೆ ಒಂದು ಬೆಳಿಗ್ಗೆ ಗಿಟಾರು ನಡುವೆಯೇ ನಿಂತಿತು.

“ರೀ, ನನ್ನ ಕೈ ಎಲ್ಲಿ ಹೋಯ್ತು ನೋಡಿ” ಎಂದು ಒಳಗಿನಿಂದ ಅವಳ ದನಿ ಬಂತು.

ಸೀಲಣ್ಣ ತಮಾಷೆ ಅಂದುಕೊಂಡ. ಎದ್ದು ಹೋಗುವಷ್ಟರಲ್ಲಿ ಅವಳು ಎಡಕ್ಕೆ ವಾಲಿ ಗಿಟಾರಿನ ಸಮೇತ ನೆಲಕ್ಕೆ ಬಿದ್ದಿದ್ದಳು. ಆಂಬುಲೆನ್ಸ್ ಬಂತು. ಅದರ ಮೂತಿಯ ಮೇಲೆ ಉಲ್ಟಾ ಬರೆದಿದ್ದ ಹೆಸರನ್ನು ಅವನು ಕಿಟಕಿಯಿಂದಲೇ ಓದಿದ. ಅಕ್ಷರಗಳ ನಡುವಿನ ಅಂತರ ಸರಿಯಿಲ್ಲ ಎಂದು ಆ ಗಾಬರಿಯಲ್ಲೂ ಅನ್ನಿಸಿತಲ್ಲ, ಅದನ್ನು ನೆನೆದರೆ ಅವನಿಗೆ ಈಗಲೂ ನಾಚಿಕೆಯಾಗುತ್ತದೆ.

ಮೆದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಜೀವ ಉಳಿಯಿತು, ಮಾತು ಉಳಿಯಿತು. ಮಾತಿನ ಚೂಪಂತೂ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಕೋಲು ಹಿಡಿದು ನಡೆಯುವಂತಾದಳು. ಎಡಗೈ ಭುಜದಿಂದ ಮಣಿಕಟ್ಟಿನವರೆಗೆ ಮೆಲ್ಲಮೆಲ್ಲನೆ ತಿರುಗಿ ಬಂತು. ಬೆರಳುಗಳು ಮಾತ್ರ ಬರಲಿಲ್ಲ. ಐದೂ ಒಟ್ಟಿಗೆ ಮಡಚುತ್ತಿದ್ದವು, ಒಟ್ಟಿಗೆ ಬಿಚ್ಚುತ್ತಿದ್ದವು, ಒಂದೊಂದಾಗಿ ಹೇಳಿದ ಮಾತು ಕೇಳುತ್ತಿರಲಿಲ್ಲ. ಗಿಟಾರಿನ ಕತ್ತಿನ ಮೇಲೆ ತಂತಿ ಒತ್ತಬೇಕಾದದ್ದು ಆ ಬೆರಳುಗಳೇ. “ಅದನ್ನ ನನ್ನ ಕಣ್ಣಿಗೆ ಕಾಣದ ಹಾಗೆ ಇಡಿ” ಅಂದಳು. ಸೀಲಣ್ಣ ಗಿಟಾರನ್ನು ಪೆಟ್ಟಿಗೆಗೆ ಹಾಕಿ ಬೀರುವಿನ ಮೇಲಿಟ್ಟ.

ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು. ಮೊದಲಿನ ಹಾಗೆ ಆಗ್ತೀರಿ. ಅವರನ್ನೆಲ್ಲ ಮೀರಿಸಿ ದಿನಕ್ಕೆ ಹತ್ತು ಸಲ ಅದನ್ನು ಹೇಳುತ್ತಿದ್ದವನು ಸೀಲಣ್ಣ. ತಿಂಡಿ ತಿನ್ನಿಸುವಾಗ ಹೇಳುತ್ತಿದ್ದ, ತಲೆ ಬಾಚುವಾಗ ಹೇಳುತ್ತಿದ್ದ. ಅವಳು ಹೂಂ ಅನ್ನುತ್ತಿರಲಿಲ್ಲ, ಉಹೂಂ ಅನ್ನುತ್ತಿರಲಿಲ್ಲ.

ವಾರಕ್ಕೆರಡು ಸಲ ವ್ಯಾಯಾಮ ಮಾಡಿಸಲು ಒಬ್ಬ ಫಿಸಿಯೋ ಬರುತ್ತಿದ್ದಳು. ಅವಳು ಹಿಚುಕಲು ಕೊಟ್ಟ ಹಳದಿ ಚೆಂಡನ್ನು ಗಿಟಾರಕ್ಕ ಮೂರನೇ ದಿನವೇ ಕಿಟಕಿಯಿಂದ ಬೀದಿಗೆ ಎಸೆದಳು, ಅದೂ ಬಲಗೈಯಲ್ಲಿ. ಕೊನೆಗೆ ಸೀಲಣ್ಣನೇ ಒಂದು ಉಪಾಯ ಹೂಡಿದ. ಮರದ ಗುಂಡು ಹಿಡಿಯ ಸ್ಟ್ಯಾಂಪುಗಳನ್ನು ಮೇಜಿನ ಮೇಲೆ ಹರಡಿ, “ಯಾವುದಾದ್ರೂ ಒಂದು ಹಿಡ್ಕೊಂಡು ಒತ್ತು, ನನಗೂ ಪ್ಯಾಡು ಪರೀಕ್ಷೆ ಮಾಡಿದ ಹಾಗಾಗುತ್ತೆ” ಅಂದ. ಅವಳು ಹುಡುಕಿ ಹುಡುಕಿ ಯಾವುದೋ ಕಚೇರಿಯವರು ಮಾಡಿಸಿ ಒಯ್ಯದೆ ಬಿಟ್ಟಿದ್ದ ‘ರದ್ದಾಗಿದೆ’ ಎಂಬ ಸ್ಟ್ಯಾಂಪನ್ನೇ ಆರಿಸಿಕೊಂಡಳು. ಅಂದಿನಿಂದ ದಿನವೂ ಕಿಟಕಿಯ ಬಳಿ ಕೂತು ಹಳೆಯ ಪತ್ರಿಕೆಗಳಲ್ಲಿ ಕಂಡ ಕಂಡವರ ಮುಖವನ್ನೆಲ್ಲ ಎಡಗೈಯಿಂದ ರದ್ದು ಮಾಡತೊಡಗಿದಳು. ಪ್ಯಾಡಿಗೊಂದು ಏಟು, ಪತ್ರಿಕೆಗೊಂದು ಏಟು. ಮೊಣಕೈಯಿಂದ ಬೀಸಿ ಬೀಸಿ ಕೈಗೆ ಬಲ ಬಂತು. ಮುಷ್ಟಿಯ ಹಿಡಿತವೂ ಬಂತು.

ಆರನೇ ತಿಂಗಳು ಮುಗಿದ ದಿನ ಫಿಸಿಯೋ ಹೊರಡುವಾಗ ಬಾಗಿಲಲ್ಲಿ ನಿಂತು ದನಿ ತಗ್ಗಿಸಿದಳು.

“ಸರ್, ಕೈ ಇನ್ನೂ ಗಟ್ಟಿಯಾಗುತ್ತೆ. ಆದ್ರೆ ಬೆರಳು ಬೇರೆ ಬೇರೆಯಾಗಿ ಆಡೋದು ಕಷ್ಟ ಸರ್. ಇಷ್ಟು ದಿನಕ್ಕೆ ಬರಬೇಕಿತ್ತು. ಜಾಸ್ತಿ ಆಸೆ ಇಟ್ಕೋಬೇಡಿ. ಅವರಿಗೆ ನಾನು ಹೇಳ್ಲಾ, ನೀವೇ ಹೇಳ್ತೀರಾ?”

“ನಾನೇ ಹೇಳ್ತೀನಮ್ಮ” ಅಂದ ಸೀಲಣ್ಣ.

ಒಳಗೆ ಬಂದ. ಹೆಂಡತಿ ಕಿಟಕಿಯ ಬಳಿ ಕೂತಿದ್ದಳು. ಬೆವರಿಗೆ ಕಿವಿಯ ಹತ್ತಿರ ಕೂದಲು ಅಂಟಿಕೊಂಡಿತ್ತು, ಎಡಗೈಯ ತುಂಬ ನೇರಳೆ ಇಂಕು. ಹೇಳಬೇಕೆಂದು ಬಾಯಿ ತೆರೆದ. “ಇನ್ನೆರಡು ತಿಂಗಳು ಅಷ್ಟೇ ಅಂತೆ ಕಣೇ. ಮೊದಲಿನ ಹಾಗೆ ಆಗ್ತೀಯಂತೆ” ಅಂದುಬಿಟ್ಟ.

“ಹೌದಾ” ಅಂದಳು ಅವಳು. ಆಮೇಲೆ ಬೀದಿಯ ಕಡೆ ನೋಡುತ್ತ ಕೂತಳು.

  ಮರುದಿನ ಅವಳು ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಪೆಟ್ಟಿಗೆ ಇಳಿಸಿ ಗಿಟಾರನ್ನು ತೆಗೆದು ನೋಡಿದ. ತಂತಿಗಳ ಕೆಳಗೆ, ಬಲಗೈ ಬೀಸುವ ಕಡೆ, ಜೇನುಬಣ್ಣದ ಮಚ್ಚೆಗಳಿದ್ದ ಒಂದು ಕಂದು ಪ್ಲಾಸ್ಟಿಕ್ ಫಲಕವಿತ್ತು. ತಂತಿ ಮೀಟುವ ಪಿಕ್ಕಿನ ಏಟು ಗಿಟಾರಿನ ಮೈಗೆ ಬೀಳದಿರಲಿ ಎಂದು ಹಾಕಿದ್ದು. ಅವಳು ಬಿದ್ದಾಗ ಮೊಣಕೈ ಬಡಿದು ಅದು ಎರಡು ತುಂಡಾಗಿತ್ತು. ಮಿಕ್ಕಂತೆ ಗಿಟಾರಿಗೆ ಏನೂ ಆಗಿರಲಿಲ್ಲ. ಬೆರಳು ಸರಿಮಾಡುವುದು ತನ್ನ ಕೈಲಿಲ್ಲ, ಇದನ್ನಾದರೂ ಮೊದಲಿನ ಹಾಗೆ ಮಾಡೋಣ ಎಂದು ಸೀಲಣ್ಣ ನಿಶ್ಚಯಿಸಿದ. ಗಿಟಾರು ನೆಟ್ಟಗಾದರೆ ಅವಳಿಗೆ ಮುಟ್ಟುವ ಮನಸ್ಸಾಗಬಹುದು, ಮುಟ್ಟಿದರೆ ಬೆರಳಿಗೂ ಬುದ್ಧಿ ಬರಬಹುದು. ಆಸೆ ಇಟ್ಟುಕೊಳ್ಳಬೇಡಿ ಎಂದರೆ ಆಸೆ ಎಲ್ಲಿಗೆ ಹೋಗುತ್ತದೆ, ಬೀರುವಿನ ಮೇಲೆ ಹತ್ತಿ ಕೂರುತ್ತದೆ.

ಎರಡು ತುಂಡುಗಳನ್ನೂ ಜೇಬಿಗೆ ಹಾಕಿಕೊಂಡು ವಾದ್ಯದಂಗಡಿಗೆ ಹೋದ. ಅಂಗಡಿಯವನು ತುಂಡುಗಳನ್ನು ಜೋಡಿಸಿ ನೋಡಿ ಬಾಯಿ ಚಪ್ಪರಿಸಿದ.

“ಈ ಪಿಕ್‌ಗಾರ್ಡ್ ಸಿಗಲ್ಲ ಸರ್. ಈ ಕಂಪನಿ ಮುಚ್ಚಿ ಯಾವ ಕಾಲ ಆಯ್ತೋ. ಬೇರೆದು ತರಿಸಿದ್ರೆ ತೂತಿಗೆ ತೂತು ಕೂರಲ್ಲ.” ಉದಾಹರಣೆಗೆಂದು ಬೇರೊಂದು ಗಿಟಾರಿನದನ್ನು ಕೈಗೆ ಕೊಟ್ಟ.

ಸೀಲಣ್ಣ ಅದರ ಅಂಚನ್ನು ಕಣ್ಣಿಗೆ ಹತ್ತಿರ ಹಿಡಿದ. ಕಪ್ಪು, ಬಿಳಿ, ಕಪ್ಪು, ಮೂರು ಪದರ.

“ಇದು ನಮ್ಮ ನೇಮ್‌ಪ್ಲೇಟಿನ ಶೀಟು ಅಲ್ವೇನ್ರೀ!”

“ಏನೋಪ್ಪ, ನಾವಿದನ್ನ ಪಿಕ್‌ಗಾರ್ಡ್ ಅಂತೀವಿ.”

“ನಾವಿದರ ಮೇಲೆ ‘ನಾಯಿ ಇದೆ ಎಚ್ಚರಿಕೆ’ ಅಂತ ಬರೀತೀವಿ.”

ಆರು ತಿಂಗಳಲ್ಲಿ ಮೊದಲ ಸಲ ಸೀಲಣ್ಣ ಬೀದಿಯಲ್ಲಿ ಕೈ ಬೀಸಿಕೊಂಡು ನಡೆದು ಮನೆಗೆ ಬಂದ.

ಗೋಡೆಗೆ ಒರಗಿಸಿದ ಶೀಟುಗಳ ಹಿಂದೆ ಒಂದು ತುಂಡು ಇರಬೇಕೆಂದು ಅವನಿಗೆ ನೆನಪಿತ್ತು. ಯಾವ ಕಾಲದಲ್ಲೋ ಹಲ್ಲಿನ ಡಾಕ್ಟರರೊಬ್ಬರ ಫಲಕಕ್ಕೆ ತರಿಸಿದ್ದು. ಮುಂದೆ ಕಂದು ಮೈ, ಅದರಲ್ಲಿ ಜೇನಿನ ಮಚ್ಚೆ, ಹಿಂದೆ ಮಾಸಲು ಕೆನೆಬಣ್ಣ. ಆ ಬಣ್ಣ ಬರುವುದು ಆಮೇಲೆ ನಿಂತೇ ಹೋಯಿತು. ಉಳಿದಿದ್ದದ್ದು ಒಂದು ಪಿಕ್‌ಗಾರ್ಡಿಗೆ ಸರಿಯಾಗುವಷ್ಟು, ಎರಡಕ್ಕಲ್ಲ. ಅದರ ಮೇಲಿನ ಧೂಳನ್ನು ಅಂಗಿಯ ತೋಳಿನಿಂದಲೇ ಒರೆಸಿದ.

ದಿನವೂ ಮಧ್ಯಾಹ್ನ ಹೆಂಡತಿಗೆ ಕಣ್ಣು ಹತ್ತಿದ ಮೇಲೆ ಕೆಲಸ. ಮೊದಲ ದಿನ ಒಡೆದ ತುಂಡುಗಳನ್ನು ಟೇಪು ಹಾಕಿ ಜೋಡಿಸಿ, ಸುತ್ತಲೂ ಪೆನ್ಸಿಲ್ ಓಡಿಸಿ ಕಾಗದಕ್ಕೆ ಅಳತೆ ತೆಗೆದ, ಕಾಗದದಿಂದ ಶೀಟಿಗೆ ಇಳಿಸಿದ. ಎರಡನೇ ದಿನ ತೆಳು ಗರಗಸದಿಂದ ಕೂದಲೆಳೆಯಷ್ಟು ಹೊರಗೆ ಬಿಟ್ಟು ಕೊಯ್ದ. ಮೂರನೇ ದಿನ ಅರದಿಂದ ಉಜ್ಜಿ, ಹಳೆಯದರಲ್ಲಿದ್ದ ಹಾಗೆಯೇ ಅಂಚನ್ನು ಇಳಿಜಾರು ಮಾಡಿದ. ಕಂದಿನ ಸುತ್ತ ಒಳಗಿನ ಕೆನೆಬಣ್ಣ ಸಣ್ಣ ಗೆರೆಯಾಗಿ ಕಾಣಿಸಿಕೊಂಡಿತು. ನಾಲ್ಕನೇ ದಿನ ಬಟ್ಟೆಗೆ ಟೂತ್‌ಪೇಸ್ಟ್ ಹಚ್ಚಿ ಮುಖ ಕಾಣುವವರೆಗೂ ತಿಕ್ಕಿದ. ಹೊಳಪಿಗೆ ಅದಕ್ಕಿಂತ ಒಳ್ಳೆಯದಿಲ್ಲ ಎಂಬುದು ಅವನ ನಂಬಿಕೆ.

“ರೀ, ಪೇಸ್ಟ್ ತಿಂತಾ ಇದ್ದೀರಾ ಹೇಗೆ?” ಎಂದು ಅವಳು ಬಚ್ಚಲಿನಿಂದ ಕೂಗಿ ಕೇಳಿದ್ದಕ್ಕೆ, “ಹಲ್ಲು ನೋವು ಕಣೇ” ಅಂದ.

ಐದನೇ ದಿನ ಗಿಟಾರನ್ನು ಮಡಿಲಲ್ಲಿಟ್ಟುಕೊಂಡು, ಉಸಿರು ಬಿಗಿಹಿಡಿದು ಹೊಸ ಪಿಕ್‌ಗಾರ್ಡನ್ನು ಅದರ ಜಾಗಕ್ಕೆ ತಂದ. ಅದು ಕೂರಲಿಲ್ಲ. ಒಳಗೆ ಬಾಗಬೇಕಾದಲ್ಲಿ ಹೊರಗೆ ಬಾಗಿತ್ತು. ತಂತಿಯ ಕಡೆ ಇರಬೇಕಾದ ನೇರ ಅಂಚು ಗಿಟಾರಿನ ಹೊರ ಅಂಚಿಗೆ ಮುಖ ಮಾಡಿತ್ತು. ಮೂರು ತೂತಿನಲ್ಲಿ ಒಂದೂ ತೂತಿನ ಮೇಲೆ ಬೀಳಲಿಲ್ಲ. ಇದೇನು ಮಾಯೆ ಎಂದು ಕಣ್ಣುಜ್ಜಿಕೊಂಡ. ಮೇಜಿನ ಮೇಲೆ ಬಿದ್ದಿದ್ದ ಅಳತೆಯ ಕಾಗದವನ್ನು ಕೈಗೆತ್ತಿಕೊಂಡ. ಅದರ ಬೆನ್ನ ತುಂಬ ಉಗುರು ಉಜ್ಜಿದ ಹೊಳಪು.

ಮಗುಚಿಬಿಟ್ಟಿದ್ದ. ಶೀಟಿನ ಮೇಲೆ ನೇರವಾಗಿ ಗೆರೆ ಎಳೆಯಬೇಕಾದವನು, ಸ್ಟ್ಯಾಂಪಿಗೆ ಮಾಡುವ ಹಾಗೆ ಕಾಗದವನ್ನು ಮಗುಚಿ, ಉಜ್ಜಿ, ಉಲ್ಟಾ ಇಳಿಸಿದ್ದ. ನಲವತ್ತೆರಡು ವರ್ಷದ ಕೈ ಅವನನ್ನು ಒಂದು ಮಾತೂ ಕೇಳಿರಲಿಲ್ಲ. ಪಿಕ್‌ಗಾರ್ಡನ್ನೇ ಮಗುಚಿ ಹಾಕೋಣವೆಂದರೆ ಮೇಲೆ ಬರುವುದು ಆ ಮಾಸಲು ಕೆನೆ ಬೆನ್ನು, ಇಳಿಜಾರು ಅಂಚೂ ಅಡಿಗೆ ಹೋಗುತ್ತದೆ. ಇನ್ನೊಂದು ಕೊಯ್ಯೋಣವೆಂದರೆ ಶೀಟಿಲ್ಲ.

“ಥೂ ನಿನ್ನ” ಎಂದು ತನ್ನನ್ನೇ ಬೈದುಕೊಂಡ. ಇಷ್ಟಕ್ಕೆಲ್ಲ ಅಳುವ ಮನುಷ್ಯನಲ್ಲ ಅವನು. ಆದರೆ ಆರು ತಿಂಗಳಿಂದ ತಡೆದಿಟ್ಟದ್ದೆಲ್ಲ ಒಂದು ಅಂಗೈಯಗಲದ ಪ್ಲಾಸ್ಟಿಕ್ಕಿನ ನೆಪದಲ್ಲಿ ಬಂತು. ಒಳಗೆ ಹೆಂಡತಿ ಎದ್ದೇಳದಂತೆ ಬಾಯಿಗೆ ಪೇಸ್ಟಿನ ಬಟ್ಟೆಯನ್ನೇ ಒತ್ತಿಕೊಂಡು ಅತ್ತ. ಆಮೇಲೆ ಗಿಟಾರನ್ನು ಬೀರುವಿನ ಮೇಲಿಟ್ಟು, ಪಿಕ್‌ಗಾರ್ಡನ್ನು ಮೇಜಿನ ಖಾನೆಯ ತಳಕ್ಕೆ, ಕೆಟ್ಟ ಸ್ಟ್ಯಾಂಪಿನ ಪಕ್ಕಕ್ಕೆ ತಳ್ಳಿ, ಪೇಸ್ಟ್ ತರಲು ಅಂಗಡಿಗೆ ಹೋದ.

ತಿರುಗಿ ಬಂದಾಗ ಒಳಗಿನಿಂದ ನಗು ಕೇಳಿಸಿತು. ಯಾರೋ ಬಂದಿದ್ದಾರೆ ಅಂದುಕೊಂಡ. ಅಷ್ಟು ದಿನವಾಗಿತ್ತು ಆ ನಗು ಕೇಳಿ. ಮೇಜಿನ ಮುಂದೆ ಗಿಟಾರಕ್ಕ ಒಬ್ಬಳೇ ಕೂತಿದ್ದಳು. ಇಂಕಿನ ಶೀಶೆ ಹುಡುಕಲು ಖಾನೆ ಎಳೆದಿದ್ದಳು. ಮಡಿಲಲ್ಲಿ ಪಿಕ್‌ಗಾರ್ಡಿತ್ತು, ಕೈಯಲ್ಲಿ ಪೆನ್ಸಿಲ್ಲಿನ ಗೆರೆಯ ಕಾಗದವಿತ್ತು.

“ಅವತ್ತು ಮಗುಚಬೇಕಾದಾಗ ಮಗುಚಲಿಲ್ಲ,” ಅಂದಳು, ಕಣ್ಣು ಒರೆಸಿಕೊಳ್ಳುತ್ತ. “ಇವತ್ತು ಮಗುಚಬಾರದಾಗ ಮಗುಚಿದ್ರಿ. ನನ್ನ ವಿಷಯಕ್ಕೆ ಬಂದ್ರೆ ನಿಮ್ಮ ಕೈಗೆ ಏನಾಗುತ್ತೆ ಅಂತ?”

ಸೀಲಣ್ಣ ಬಾಗಿಲಲ್ಲೇ ನಿಂತ. “ಬೇರೆ ಬಣ್ಣದ ಶೀಟಿದೆ ಕಣೇ. ಇನ್ನೊಂದು ಮಾಡ್ತೀನಿ. ಮೊದಲಿನ ಹಾಗೆ...”

“ಆ ಮಾತು ಇನ್ನೊಂದು ಸಲ ಆಡಿದ್ರೆ ಕೋಲು ತಗೊಳ್ತೀನಿ.”

ನಗು ಇನ್ನೂ ಮುಖದಲ್ಲಿತ್ತು, ದನಿಯಲ್ಲಿರಲಿಲ್ಲ. ಅವನು ಪೇಸ್ಟನ್ನು ಹಿಡಿದುಕೊಂಡೇ ಅವಳೆದುರು ಸ್ಟೂಲಿನ ಮೇಲೆ ಕೂತ.

“ಆ ಫಿಸಿಯೋ ಹುಡುಗಿ ಹೇಳಿದ್ದು ನನಗೂ ಕೇಳಿಸ್ತು,” ಅಂದಳು. “ಬಾಗಿಲು ತೆಗೆದಿಟ್ಕೊಂಡು ಗುಟ್ಟು ಮಾತಾಡ್ತೀರಲ್ಲ ಇಬ್ಬರೂ. ನನಗೆ ಸ್ವಾಧೀನ ತಪ್ಪಿದ್ದು ಕೈ ಕಣ್ರೀ, ಕಿವಿ ಅಲ್ಲ.”

“ಗೊತ್ತಿದ್ದೂ ಯಾಕೆ ಸುಮ್ನಿದ್ದೆ?”

“ನೀವೇ ಹೇಳ್ತೀರಿ ಅಂತ ಕಾದೆ. ಇವತ್ತಿಗೆ ಒಂದು ವಾರ. ಎಲ್ಲರೂ ಮೊದಲಿನ ಹಾಗೆ, ಮೊದಲಿನ ಹಾಗೆ ಅಂತೀರಿ. ಹಾಗಾದ್ರೆ ಈಗಿರೋಳು ಯಾರು? ನಾನೇನು ಅವಳು ಬರೋವರೆಗೆ ಮನೆ ಕಾಯೋಳಾ?”

ಸೀಲಣ್ಣ ಅವಳ ಇಂಕು ಮೆತ್ತಿದ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಐದು ಬೆರಳೂ ಒಟ್ಟಿಗೇ ಮಡಚಿ ಅವನ ಬೆರಳುಗಳನ್ನು ಹಿಡಿದವು. “ಹೆದರಿಕೆ ಆಯ್ತು ಕಣೇ,” ಅಂದ. “ಹೇಳಿದ್ರೆ ನೀನು ಪೂರ್ತಿ ಸುಮ್ಮನಾಗಿಬಿಡ್ತೀಯೇನೋ ಅಂತ. ನಿನ್ನ ಸದ್ದಿಲ್ಲದೆ ಈ ಮನೇಲಿ ಕೂರೋಕೆ ನನಗೆ ಬರಲ್ಲ.”

ಅವಳು ಕೈಯನ್ನು ಬಿಡಿಸಿಕೊಳ್ಳಲಿಲ್ಲ.

“ಗಿಟಾರ್ ಇಳಿಸಿ” ಅಂದಳು ಆಮೇಲೆ.

ಇಳಿಸಿ ಕೊಟ್ಟ. ಅವಳು ಅದನ್ನು ಎಂದಿನಂತೆ ಮಡಿಲಿಗೆ ಇಟ್ಟುಕೊಂಡಳು, ಎಡಕ್ಕೆ ಚಾಚಿದ ಅದರ ಕತ್ತನ್ನು ನೋಡಿದಳು. ನೋಡುತ್ತಿದ್ದವಳು ಬಲಗೈಯಿಂದ ಗಿಟಾರನ್ನು ಎತ್ತಿ ಪೂರ್ತಿ ತಿರುಗಿಸಿಬಿಟ್ಟಳು. ಕತ್ತು ಬಲಕ್ಕೆ ಹೋಯಿತು. ಕೆಳಗಿದ್ದ, ದನಿ ಹೆಚ್ಚುಕಡಿಮೆ ಮಾಡುವ ಗುಬುಟುಗಳೆಲ್ಲ ಮೇಲೆ ಬಂದವು. ಹಳೆಯ ಪಿಕ್‌ಗಾರ್ಡಿನ ಜಾಗ ತಂತಿಗಳ ಮೇಲ್ಭಾಗಕ್ಕೆ ಹೋಯಿತು. ಬಿಸಿಲು ಕಾಣದ ಆ ಮರ ಮಾತ್ರ ಅದೇ ಆಕಾರದಲ್ಲಿ ಕಡುಕೆಂಪಾಗಿ ಉಳಿದಿತ್ತು. ಕೆಳಗೆ ಬರಿಯ ಮರ. ಎರಡೂ ಭುಜ ಸಮನಾಗಿದ್ದ ಗಿಟಾರು ಅದು. ಅವಳು ಸೀಲಣ್ಣನ ಪಿಕ್‌ಗಾರ್ಡನ್ನು ತೆಗೆದು ಆ ಬರಿಯ ಮರದ ಮೇಲಿಟ್ಟಳು. ನೇರ ಅಂಚು ತಂತಿಗಳ ಪಕ್ಕಕ್ಕೆ ಹೋಗಿ ನಿಂತಿತು, ಬಾಗು ಬಾಗಿಗೆ ಹೊಂದಿತು, ಅಳೆದು ಮಾಡಿಸಿದ ಹಾಗೆ.

“ಕೂತ್ಕೊಂಡಿತಲ್ರೀ!” ಅಂದಳು. 

ಸೀಲಣ್ಣ ಬಾಯಿ ಬಿಟ್ಟುಕೊಂಡು ನೋಡಿದ.

“ಎಡಚರು ಹೀಗೇ ನುಡಿಸ್ತಾರೆ. ನಮ್ಮ ಡ್ರಮ್ಮಿನವನ ತಮ್ಮ ನುಡಿಸ್ತಿದ್ದ, ನೆನಪಿದೆಯಾ? ಒತ್ತೋ ಕೆಲಸ ಬಲಗೈಗೆ. ಬೀಸೋ ಕೆಲಸ ಇದಕ್ಕೆ.” ಎಡಗೈಯನ್ನು ಗಾಳಿಯಲ್ಲಿ ಎರಡು ಸಲ ಬೀಸಿದಳು, ಪ್ಯಾಡಿಗೊಂದು ಏಟು, ಪತ್ರಿಕೆಗೊಂದು ಏಟು. “ಬೀಸೋಕೆ ಬೆರಳು ಬೇರೆ ಬೇರೆ ಆಗಬೇಕಾಗಿಲ್ಲ.”

“ತಂತಿ?”

“ತಂತಿನೂ ಮಗುಚಿ. ದಪ್ಪದ್ದು ಆ ಕಡೆ, ಸಣ್ಣದ್ದು ಈ ಕಡೆ. ಅದರಲ್ಲಿ ನಿಮ್ಮನ್ನ ಮೀರಿಸೋರು ಯಾರಿದ್ದಾರೆ?”

ಕೆಲಸ ಸಿಕ್ಕಿದರೆ ಸೀಲಣ್ಣ ಮನುಷ್ಯನಾಗುತ್ತಾನೆ. ತಂತಿಗಳನ್ನು ಬಿಚ್ಚಿದ. ಕತ್ತಿನ ತುದಿಯಲ್ಲಿ ತಂತಿ ಕೂರುವ ಕಚ್ಚುಗಳನ್ನು ಸಣ್ಣ ಅರದಿಂದ ಅಗಲ ಮಾಡಿ, ತಂತಿಗಳನ್ನು ಮಗುಚಿ ಕಟ್ಟಿದ. ಆದರೆ ಪಿಕ್‌ಗಾರ್ಡ್ ಕೂರಿಸಲು ಬರಿಯ ಮರಕ್ಕೆ ಮೂರು ತೂತು ಕೊರೆಯಬೇಕು ಅನ್ನುವಾಗ ಅವನ ಕೈ ನಿಂತಿತು. ಅವಳು ಮದುವೆಗೆ ಮೊದಲಿನಿಂದ ಜೋಪಾನ ಮಾಡಿದ ಗಿಟಾರು. ಅದಕ್ಕೆ ಒಂದು ಗೀರು ಬಿದ್ದರೂ ಮೂರು ದಿನ ಮಾತು ಬಿಡುತ್ತಿದ್ದಳು.

“ಇದು ಕೊರೆದ್ರೆ ಮತ್ತೆ ಮುಚ್ಚೋಕಾಗಲ್ಲ ನೋಡು.”

“ಮುಚ್ಚಿ ಅಂದೋರು ಯಾರು?” ಅವಳು ಗಿಟಾರನ್ನು ಮೊಣಕಾಲುಗಳ ನಡುವೆ ಗಟ್ಟಿಯಾಗಿ ಹಿಡಿದುಕೊಂಡಳು. “ಕೊರೀರಿ.”

ಕೈ ಡ್ರಿಲ್ ತಿರುಗಿಸಿದ. ತೆಳ್ಳನೆಯ ಕೆಂಪು ಹುಡಿ ಅವಳ ಸೀರೆಯ ಮೇಲೆ ಬಿತ್ತು. ಒಂದು, ಎರಡು, ಮೂರು. ಸ್ಕ್ರೂ ಬಿಗಿಯುವುದನ್ನು ಅವಳು ತಲೆ ಬಾಗಿಸಿ ನೋಡಿದಳು. ಹಳೆಯ ಮೂರು ತೂತಿಗೆ ಮೇಣ ತುಂಬಿ ಪಾಲಿಶ್ ಹಾಕಿ ಆ ಗುರುತನ್ನು ಅಳಿಸುತ್ತೇನೆ ಅಂದ.

“ಬೇಡ, ಹಾಗೇ ಇರಲಿ,” ಅಂದಳು. “ಅಲ್ಲಿ ಅಷ್ಟು ವರ್ಷ ನುಡಿಸಿದ್ದೀನಿ. ಸುಳ್ಳಾ ಅದು?”

ಪಿಕ್ಕನ್ನು ಹೇಗೆ ಹಿಡಿಯುವುದು ಎಂಬ ಪ್ರಶ್ನೆ ಮಾತ್ರ ಉಳಿಯಿತು. ತೆಳ್ಳನೆಯ ಆ ಪ್ಲಾಸ್ಟಿಕ್ ತುಂಡು ಅವಳ ಮುಷ್ಟಿಯಿಂದ ಪ್ರತಿ ಸಲವೂ ಜಾರಿ ಬೀಳುತ್ತಿತ್ತು. ಇಬ್ಬರ ಕಣ್ಣೂ ಒಟ್ಟಿಗೆ ಹೋದದ್ದು ‘ರದ್ದಾಗಿದೆ’ ಸ್ಟ್ಯಾಂಪಿನ ಕಡೆಗೆ. ಸೀಲಣ್ಣ ಅದರ ರಬ್ಬರನ್ನು ಕಿತ್ತು, ಮರದ ಹಿಡಿಯ ಅಡಿಯನ್ನು ಗರಗಸದಿಂದ ಸೀಳಿ, ಅದರಲ್ಲಿ ಪಿಕ್ಕನ್ನು ಸಿಕ್ಕಿಸಿ ಅಂಟು ಹಾಕಿದ. ಎಡ ಮುಷ್ಟಿ ಅದನ್ನು ಅಭ್ಯಾಸದಿಂದಲೇ ಹಿಡಿಯಿತು.

ಆದರೂ ವಾರವಿಡೀ ಅವಳು ಹಲವು ತಂತಿ ಒಟ್ಟಿಗೆ ನುಡಿಯುವ ಕಾರ್ಡ್ ಒಂದನ್ನೂ ಸರಿಯಾಗಿ ನುಡಿಸಲಿಲ್ಲ. ಬಲಗೈಯ ಬೆರಳುಗಳು ಗಿಟಾರಿನ ಕತ್ತಿನ ಮೇಲೆ ದಾರಿ ತಪ್ಪಿದವರಂತೆ ನಿಲ್ಲುತ್ತಿದ್ದವು. ಯಾವ ಬೆರಳು ಯಾವ ತಂತಿಗೆ ಎಂಬುದೆಲ್ಲ ಎಡಗೈಗೆ ಗೊತ್ತು, ತಲೆಗೆ ಗೊತ್ತಿಲ್ಲ ಎಂದು ಅವಳು ಸಿಡಿಮಿಡಿಗೊಂಡಳು. ಹಳೆಯ ಕಾರ್ಡ್ ಪುಸ್ತಕ ತೆಗೆದರೆ ಅದರಲ್ಲಿದ್ದ ಚಿತ್ರಗಳೆಲ್ಲ ಬಲಗೈಯವರದು. ನೋಡುತ್ತ ನೋಡುತ್ತ ಮನಸ್ಸಿನಲ್ಲೇ ತಿರುಗಿಸಿಕೊಳ್ಳಬೇಕು. ಎರಡು ನಿಮಿಷಕ್ಕೆ ಅವಳ ತಲೆ ಗಿರ್ರೆನ್ನುತ್ತಿತ್ತು. ಒಂದು ದಿನ ಪುಸ್ತಕವೂ ಹಳದಿ ಚೆಂಡಿನ ದಾರಿ ಹಿಡಿಯಿತು. ಸೀಲಣ್ಣ ಬೀದಿಗಿಳಿದು ಅದನ್ನು ಎತ್ತಿಕೊಂಡು ಬಂದ. ಅವಳಿಗೆ ಕೊಡದೆ ತನ್ನ ಮೇಜಿನ ಮೇಲಿಟ್ಟುಕೊಂಡ.

ಮೂರು ದಿನ ಅವನು ತಲೆ ಎತ್ತದೆ ಕೆತ್ತಿದ. ಬ್ಯಾಂಕಿನವರ ಸ್ಟ್ಯಾಂಪ್ ಬಾಕಿ ಬಿತ್ತು, ವಕೀಲರ ಫಲಕ ಬಾಕಿ ಬಿತ್ತು. ನಾಲ್ಕನೇ ದಿನ ಬೆಳಿಗ್ಗೆ ಒಂದು ತಟ್ಟೆಯಲ್ಲಿ ಹನ್ನೆರಡು ಪುಟ್ಟ ಸ್ಟ್ಯಾಂಪುಗಳನ್ನು ಜೋಡಿಸಿ ತಂದು ಅವಳ ಮುಂದಿಟ್ಟ. ಪ್ರತಿಯೊಂದರ ರಬ್ಬರಿನ ಮೇಲೂ ಆರು ತಂತಿಗಳ ಗೆರೆ, ಬೆರಳಿಡುವಲ್ಲಿ ಒಂದೊಂದು ಚುಕ್ಕೆ.

ಅವಳು ಒಂದನ್ನು ಎತ್ತಿಕೊಂಡು ಪ್ಯಾಡಿನ ಕಡೆ ಒಯ್ದಳು.

“ಒತ್ತಬೇಡ,” ಅಂದ ಸೀಲಣ್ಣ. “ಒತ್ತಿದ್ರೆ ಪುಸ್ತಕದಲ್ಲಿ ಇರೋದೇ ಬರುತ್ತೆ. ರಬ್ಬರನ್ನೇ ನೋಡು.”

ಅವಳು ಸ್ಟ್ಯಾಂಪನ್ನು ಮಗುಚಿ ನೋಡಿದಳು. ಪುಸ್ತಕದಲ್ಲಿದ್ದ ಕಾರ್ಡೇ, ಪೂರ್ತಿ ಉಲ್ಟಾ. ಈಗಿನ ಅವಳ ಗಿಟಾರಿಗೆ, ಈಗಿನ ಅವಳ ಕೈಗೆ, ಮನಸ್ಸಿನಲ್ಲಿ ಏನನ್ನೂ ತಿರುಗಿಸಬೇಕಾಗಿರಲಿಲ್ಲ. ಬಹಳ ಹೊತ್ತು ನೋಡಿದಳು. ಹನ್ನೆರಡನ್ನೂ ಒಂದೊಂದಾಗಿ ಮಗುಚಿ ತಟ್ಟೆಯಲ್ಲಿ ರಬ್ಬರು ಮೇಲಾಗುವಂತೆ ಸಾಲಾಗಿ ಇಟ್ಟಳು. ಅವನಿಗೆ ಥ್ಯಾಂಕ್ಸ್ ಗೀಂಕ್ಸ್ ಏನೂ ಹೇಳಲಿಲ್ಲ. “ಆ ವೈರು ಸಿಕ್ಕಿಸಿ” ಅಂದಳಷ್ಟೆ.

ಸೀಲಣ್ಣ ಧೂಳು ಹೊಡೆದ ಆಂಪ್ಲಿಫೈಯರಿಗೆ ವೈರು ಸಿಕ್ಕಿಸಿದ. ಅದು ಗುಂಯ್ ಅಂದಿತು. ಅವಳು ಮೊದಲ ಸ್ಟ್ಯಾಂಪನ್ನು ಮೊಣಕಾಲಿನ ಮೇಲಿಟ್ಟುಕೊಂಡು, ಬಲಗೈಯ ಬೆರಳುಗಳನ್ನು ಒಂದೊಂದಾಗಿ, ಮಗುವನ್ನು ಮೆಟ್ಟಿಲಿಳಿಸುವಂತೆ, ತಂತಿಗಳ ಮೇಲೆ ಇರಿಸಿದಳು. ಎಡಗೈ ಎತ್ತಿದಳು. ಬೀಸಿದಳು. ಪಿಕ್ಕು ತಂತಿಗಳನ್ನು ದಾಟಿ ಹೊಸ ಪಿಕ್‌ಗಾರ್ಡಿಗೆ ಟಕ್ಕೆಂದು ಬಡಿಯಿತು. ಅದರ ಹೊಳಪಿನ ಮೇಲೆ ಮೊದಲ ಗೀರು ಬಿತ್ತು.

ಕಾರ್ಡು ಕೋಣೆಯ ತುಂಬ ಹರಡಿ, ಮೆಲ್ಲಗೆ ಅಡಗಿತು.

ಅವಳು ಕತ್ತೆತ್ತಿ ಅವನನ್ನೇ ನೋಡಿದಳು. “ಹೇಗಿದೆ?”

ಸೀಲಣ್ಣನ ನಾಲಿಗೆಯ ತುದಿಗೆ ಆ ಹಳೆಯ ಮಾತು ಬಂದು ನಿಂತಿತು. ಎಷ್ಟು ಸುಲಭವಾಗಿತ್ತು ಅದನ್ನು ಆಡಿಬಿಡುವುದು. ಅದನ್ನು ನುಂಗಿಕೊಂಡ.

“ಮೊದಲಿನ ಹಾಗಿಲ್ಲ ಕಣೇ” ಅಂದ.

“ಇಲ್ಲ ಅಲ್ವಾ?”

“ಇಲ್ಲ. ಎರಡು ತಂತಿ ಗೊರಗೊರ ಅಂತಿವೆ. ಒಂದಂತೂ ಕೇಳಿಸ್ಲೇ ಇಲ್ಲ.”

ಗಿಟಾರಕ್ಕನ ಮುಖ ಅರಳಿತು. ಕಣ್ಣಲ್ಲಿ ನೀರು ತುಂಬಿಕೊಂಡು ಕೆನ್ನೆಗಿಳಿಯಿತು. ಒರೆಸಿಕೊಳ್ಳಲು ಅವಳಿಗೆ ಎರಡು ಕೈಯೂ ಬಿಡುವಿರಲಿಲ್ಲ. ಸೀಲಣ್ಣನೇ ತನ್ನ ಅಂಗಿಯ ತೋಳಿನಿಂದ ಒರೆಸಿದ.

“ಕೇಳಿಸ್ಲಿಲ್ವಾ? ಯಾವುದು?” ಅಂದಳು.

“ಆ ಕಡೆಯಿಂದ ಎರಡನೇದು.”

ಅವಳು ಬೆರಳನ್ನು ಕೂದಲೆಳೆಯಷ್ಟು ಸರಿಸಿದಳು, ಎಡಗೈಯನ್ನು ಎತ್ತಿ ಮತ್ತೆ ಬೀಸಿದಳು. ಸೀಲಣ್ಣ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಕೂತ. ಒಂದು ತಂತಿ ಇನ್ನೂ ಗೊರಗೊರ ಅನ್ನುತ್ತಿತ್ತು, ಅದನ್ನೂ ಹೇಳಿದ.